ಒಂದು ಪೆನ್ನು, ಒಂದು ‘ಟಕ್’: ಲ್ಯಾಪ್‌ಟಾಪ್ ಸ್ಕ್ರೀನ್ ಇಷ್ಟು ನಾಜೂಕಾದ ಕಥೆ

1/9

ಮೊದಲ ಫೋಟೋದಲ್ಲಿ ಕಾಣ್ತಿರೋ ಕಪ್ಪು ಕಲೆ ಇಂಕ್ ಚೆಲ್ಲಿದ್ದಲ್ಲ. ಅದು ನಾನು ಮಾಡಿದ ಅನಾಹುತ.

ಮೂರು ವಾರದ ಹಿಂದೆ ರೂಮ್‌ಮೇಟ್ ಹತ್ತಿರ ಲ್ಯಾಪ್‌ಟಾಪ್ ಇಸ್ಕೊಂಡು ಜಿಎಸ್‌ಟಿ ಅಸೈನ್‌ಮೆಂಟ್ ಮಾಡ್ತಾ ಕೂತಿದ್ದೆ. ರಾತ್ರಿ ಹನ್ನೊಂದೂವರೆಗೆ ಮುಗೀತು. ಒಂದೇ ಕೈಯಲ್ಲಿ ಮುಚ್ಚಿದೆ. ‘ಟಕ್’ ಅಂತ ಸಣ್ಣ ಸದ್ದು. ಚಕ್ಕುಲಿ ಮುರಿದಷ್ಟೂ ಜೋರಾಗಿರಲಿಲ್ಲ. ತೆಗೆದು ನೋಡಿದರೆ ಕೀಬೋರ್ಡ್‌ನ ಮೇಲ್ತುದಿಯಲ್ಲಿ, ಹಿಂಜ್ ಪಕ್ಕದಲ್ಲೇ, ನನ್ನ ಬಾಲ್‌ಪೆನ್ ಮಲಗಿತ್ತು. ಸ್ಕ್ರೀನ್ ಮೇಲೆ ಜೇಡರ ಬಲೆ, ಅದರ ನಡುವೆ ಕಪ್ಪು ಮಸಿ, ಮೇಲಿಂದ ಕೆಳಗಿನವರೆಗೆ ಒಂದು ಹಸಿರು ಗೆರೆ.

ಆ ಲ್ಯಾಪ್‌ಟಾಪ್ ಅವನ ಅಕ್ಕ ತನ್ನ ಮೊದಲ ಕೆಲಸದ ಸಂಬಳದಲ್ಲಿ ಇಎಂಐ ಕಟ್ಟಿ ಕೊಡಿಸಿದ್ದು. ಇನ್ನೂ ಏಳು ಕಂತು ಬಾಕಿ ಇತ್ತು. ಸರ್ವಿಸ್ ಸೆಂಟರ್‌ನಲ್ಲಿ ಒಂದೇ ಮಾತು: “ಫಿಸಿಕಲ್ ಡ್ಯಾಮೇಜ್, ವಾರಂಟಿ ಬರಲ್ಲ.” ಹೊಸ ಪ್ಯಾನೆಲ್‌ಗೆ 7,200 ರೂಪಾಯಿ.

ರೂಮ್‌ಮೇಟ್ ಬೈಯಲಿಲ್ಲ. “ಬಿಡೋ, ಒಂದು ಪೆನ್ನಿಗೆ ಒಡೆದು ಹೋಗೋ ಹಾಗೆ ಮಾಡಿದವರನ್ನ ಕೇಳ್ಬೇಕು” ಅಂದ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ನನಗೆ. ಆದರೆ ಆ ಮಾತು ತಲೆಯಲ್ಲೇ ಉಳೀತು. ನಿಜವಾಗಲೂ ಇದು ಯಾರ ತಪ್ಪು? ಪೆನ್ ಮರೆತ ನನ್ನದಾ? ಅಥವಾ ಸ್ಕ್ರೀನ್ ಇಷ್ಟು ನಾಜೂಕಾಗೋಕೆ ಬೇರೆ ಯಾರಾದರೂ ಕಾರಣಾನಾ?

ಉತ್ತರ ಹುಡುಕ್ತಾ ಹುಡುಕ್ತಾ 1888ಕ್ಕೆ ಹೋಗಿ ಮುಟ್ಟಿದೆ. ಬನ್ನಿ, ನಿಮ್ಮನ್ನೂ ಕರ್ಕೊಂಡು ಹೋಗ್ತೀನಿ. ಇದು ಸೈನ್ಸ್ ಓದುವವರಿಗೆ ಮಾತ್ರ ಅಲ್ಲ. ನಾನೂ ಬಿಕಾಂ.

2/9

ಶುರು ಮಾಡೋಣ ಡಬ್ಬಾ ಟಿವಿಯಿಂದ. ನಿಮ್ಮ ಅಜ್ಜಿ ಮನೆಯಲ್ಲೂ ಒಂದು ಇದ್ದಿರಬೇಕು. ಮೇಲೆ ಕಸೂತಿ ಬಟ್ಟೆ, ಅದರ ಮೇಲೊಂದು ಗಣಪತಿ. ಪ್ಲಾಸ್ಟಿಕ್ ಬಾಲ್ ತಾಗಿದರೂ, ಮಕ್ಕಳು ಬೆರಳಲ್ಲಿ ಒತ್ತಿದರೂ ಅದಕ್ಕೆ ಏನೂ ಆಗ್ತಿರಲಿಲ್ಲ.

ಅದರ ಹೆಸರು ಕ್ಯಾಥೋಡ್ ರೇ ಟ್ಯೂಬ್, ಸಿಆರ್‌ಟಿ. ಅದರ ಮೂಲರೂಪ ಮಾಡಿದ್ದು 1897ರಲ್ಲಿ, ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್. ಒಳಗೆ ಗಾಳಿ ಇಲ್ಲ, ಬರೀ ನಿರ್ವಾತ. ಹಿಂದಿನಿಂದ ಎಲೆಕ್ಟ್ರಾನ್‌ಗಳು ಬಂದು ಮುಂದಿನ ಗಾಜಿಗೆ ಬಡಿದಾಗ ಅಲ್ಲಿ ಬೆಳಕು.

ಒಂದು ಸಣ್ಣ ಲೆಕ್ಕ. ಹೊರಗಿನ ಗಾಳಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಭಾರದಷ್ಟು ಒತ್ತುತ್ತೆ. 20 ಇಂಚಿನ ಟಿವಿ ಅಂದರೆ ಸುಮಾರು 40 x 30 ಸೆಂ.ಮೀ. ಗುಣಿಸಿ: 1,200 ಕೆಜಿ. ಒಳಗಿನಿಂದ ತಡೆಯೋಕೆ ಗಾಳಿಯೂ ಇಲ್ಲ. ಅಂದರೆ ಅಜ್ಜಿ ಮನೆ ಟಿವಿ ಹಗಲೂ ರಾತ್ರಿ ಒಂದು ಟನ್‌ಗಿಂತ ಜಾಸ್ತಿ ಭಾರ ಹೊತ್ತು ನಿಂತಿತ್ತು. ಹಾಗಾಗಿ ಗಾಜು ದಪ್ಪ. ಎಕ್ಸ್-ರೇ ಹೊರಗೆ ಬರಬಾರದು ಅಂತ ಆ ಗಾಜಿಗೆ ಸೀಸ, ಬೇರಿಯಂನಂಥ ಭಾರದ ಧಾತುಗಳನ್ನೂ ಸೇರಿಸ್ತಿದ್ದರು. ಟಿವಿ ಗಟ್ಟಿಯಾಗಿದ್ದದ್ದು ಕಂಪನಿಯವರ ಒಳ್ಳೆತನದಿಂದ ಅಲ್ಲ. ಗಟ್ಟಿ ಮಾಡದೆ ಬೇರೆ ದಾರಿನೇ ಇರಲಿಲ್ಲ.

ಇದನ್ನೇ ಹೊತ್ತುಕೊಂಡು ತಿರುಗೋ ಪ್ರಯತ್ನವೂ ನಡೆಯಿತು. 1981ರಲ್ಲಿ ಆಡಮ್ ಓಸ್ಬೋರ್ನ್ ಅನ್ನುವವರು ‘ಓಸ್ಬೋರ್ನ್ 1’ ಅನ್ನೋ ಪೋರ್ಟಬಲ್ ಕಂಪ್ಯೂಟರ್ ತಂದರು. (ಇವರು ಬಾಲ್ಯ ಕಳೆದದ್ದು ತಮಿಳುನಾಡಿನ ತಿರುವಣ್ಣಾಮಲೈಯಲ್ಲಿ, ತೀರಿಕೊಂಡದ್ದು ಕೊಡೈಕನಾಲ್‌ನಲ್ಲಿ.) ತೂಕ ಸುಮಾರು 11 ಕೆಜಿ. ಸ್ಕ್ರೀನ್ ಎಷ್ಟು ದೊಡ್ಡದು ಗೊತ್ತಾ? 5 ಇಂಚು. ನಿಮ್ಮ ಫೋನ್‌ಗಿಂತ ಚಿಕ್ಕದು.

ಅಕೌಂಟ್ಸ್ ಭಾಷೆಯಲ್ಲಿ ಹೇಳೋದಾದರೆ ಪ್ರತಿ ಡೆಬಿಟ್‌ಗೂ ಒಂದು ಕ್ರೆಡಿಟ್ ಇರಲೇಬೇಕು. ಗಟ್ಟಿತನ ಒಂದು ಕಡೆ, ತೂಕ ಇನ್ನೊಂದು ಕಡೆ. ಈ ಲೆಡ್ಜರ್ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

3/9

ಈಗ ಕ್ಯಾರೆಟ್ ಕಥೆ.

1888. ಆಗ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದಲ್ಲಿದ್ದ ಪ್ರಾಗ್ ನಗರ. ಫ್ರೀಡ್ರಿಶ್ ರೈನಿಟ್ಸರ್ ಅನ್ನೋ ಸಸ್ಯವಿಜ್ಞಾನಿ ಕ್ಯಾರೆಟ್‌ನಲ್ಲಿ ಸಿಗುವ ಕೊಲೆಸ್ಟೆರಾಲ್ ಥರದ ಪದಾರ್ಥಗಳನ್ನು ಪರೀಕ್ಷೆ ಮಾಡ್ತಿದ್ದರು. ಕೊಲೆಸ್ಟೆರಿಲ್ ಬೆಂಜೊಯೇಟ್ ಅನ್ನೋದನ್ನು ಬಿಸಿ ಮಾಡಿದಾಗ ಅದು ವಿಚಿತ್ರವಾಗಿ ನಡ್ಕೊಂಡಿತು. 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಮೋಡದ ಥರ ಮಬ್ಬು ದ್ರವ ಆಯಿತು. ಇನ್ನೂ ಕಾಯಿಸಿದಾಗ 178.5 ಡಿಗ್ರಿಯಲ್ಲಿ ಇದ್ದಕ್ಕಿದ್ದಂತೆ ತಿಳಿಯಾಯಿತು.

ಯೋಚನೆ ಮಾಡಿ. ತುಪ್ಪ ಕರಗುತ್ತೆ, ಅಲ್ಲಿಗೆ ಮುಗೀತು. ಕರಗಿದ ತುಪ್ಪ ಮತ್ತೊಂದು ಸಲ ‘ಕರಗೋದು’ ನೋಡಿದ್ದೀರಾ? ರೈನಿಟ್ಸರ್‌ಗೂ ಅರ್ಥ ಆಗಲಿಲ್ಲ. ಜರ್ಮನಿಯ ಭೌತವಿಜ್ಞಾನಿ ಒಟ್ಟೊ ಲೇಮನ್‌ಗೆ ಪತ್ರ ಬರೆದು ಸ್ಯಾಂಪಲ್ ಕಳಿಸಿದರು. ಲೇಮನ್ ಹತ್ತಿರ ಬಿಸಿ ಮಾಡ್ತಾನೇ ನೋಡಬಹುದಾದ ಸೂಕ್ಷ್ಮದರ್ಶಕ ಇತ್ತು. ಅದರಲ್ಲಿ ಕಂಡದ್ದು: ನೀರಿನಂತೆ ಹರಿಯುತ್ತೆ, ಆದರೆ ಬೆಳಕಿನ ಜೊತೆ ಹರಳಿನಂತೆ ವರ್ತಿಸುತ್ತೆ. ಘನವೂ ಅಲ್ಲ, ಪೂರ್ತಿ ದ್ರವವೂ ಅಲ್ಲ. ಇದಕ್ಕೆ ಆಮೇಲೆ ನಿಂತ ಹೆಸರೇ ಲಿಕ್ವಿಡ್ ಕ್ರಿಸ್ಟಲ್. ಕನ್ನಡದಲ್ಲಿ ದ್ರವಹರಳು.

ಎಲ್‌ಸಿಡಿಯಲ್ಲಿರೋ ‘ಎಲ್’ ಮತ್ತು ‘ಸಿ’ ಇದೇ.

ಸುಮಾರು 80 ವರ್ಷ ಇದರಿಂದ ಮನೆಬಳಕೆಯ ವಸ್ತು ಯಾವುದೂ ಬರಲಿಲ್ಲ. ಲ್ಯಾಬ್‌ನ ಕುತೂಹಲವಾಗಿಯೇ ಉಳೀತು. ಆದರೆ ಅದರ ಗುಣದಲ್ಲೇ ನನ್ನ ಅನಾಹುತದ ಬೀಜ ಇದೆ. ಹರಿಯೋ ವಸ್ತುವನ್ನು ಹಿಡಿದಿಡಬೇಕಾದರೆ ಪಾತ್ರೆ ಬೇಕು. ಬೆಳಕು ದಾಟಬೇಕಾದರೆ ಆ ಪಾತ್ರೆ ಪಾರದರ್ಶಕ ಆಗಿರಬೇಕು. ಅಂದರೆ ಗಾಜು.

4/9

1968ರ ಮೇ ತಿಂಗಳಲ್ಲಿ ಅಮೆರಿಕದ ಆರ್‌ಸಿಎ ಕಂಪನಿ ಪತ್ರಕರ್ತರನ್ನು ಕರೆದು ದ್ರವಹರಳಿನ ಡಿಸ್‌ಪ್ಲೇ ತೋರಿಸಿತು. ಅದರ ಹಿಂದಿದ್ದವರು ಜಾರ್ಜ್ ಹೈಲ್‌ಮೆಯರ್ ಮತ್ತು ಅವರ ತಂಡ. 1970ರ ಡಿಸೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮಾರ್ಟಿನ್ ಶಾಟ್ ಮತ್ತು ವುಲ್ಫ್‌ಗಾಂಗ್ ಹೆಲ್‌ಫ್ರಿಶ್ ಇನ್ನೂ ಒಳ್ಳೆ ಉಪಾಯಕ್ಕೆ ಪೇಟೆಂಟ್ ಅರ್ಜಿ ಹಾಕಿದರು.

ಉಪಾಯ ಇಷ್ಟು. ಎರಡು ಗಾಜಿನ ಹಾಳೆ, ನಡುವೆ ದ್ರವಹರಳು. ಅದರ ಅಣುಗಳು ಒಂದು ಗಾಜಿನಿಂದ ಇನ್ನೊಂದು ಗಾಜಿಗೆ ಹೋಗ್ತಾ ಸುರುಳಿ ಮೆಟ್ಟಿಲಿನಂತೆ ತಿರುಗಿ ನಿಲ್ಲುತ್ತವೆ. ಬೆಳಕೂ ಅದರ ಜೊತೆ ತಿರುಗಿ ಆಚೆ ಬರುತ್ತೆ. ಕರೆಂಟ್ ಕೊಟ್ಟರೆ ಅಣುಗಳು ನೆಟ್ಟಗೆ ನಿಲ್ಲುತ್ತವೆ, ಬೆಳಕಿನ ದಾರಿ ಬಂದ್. ಗಾಜಿನ ಎರಡೂ ಕಡೆ ಅಂಟಿಸಿದ ಪೋಲರೈಸರ್ ಹಾಳೆಗಳು ಬಾಗಿಲ ಥರ ಕೆಲಸ ಮಾಡುತ್ತವೆ. ಲ್ಯಾಪ್‌ಟಾಪ್ ಸ್ಕ್ರೀನ್ ತಾನಾಗಿ ಹೊಳೆಯಲ್ಲ. ಹಿಂದೆ ಒಂದು ದೀಪ, ಮುಂದೆ ಲಕ್ಷಗಟ್ಟಲೆ ಕಿಟಕಿ.

ಇದೆಲ್ಲ ಮನೆಯ ಮಾಮೂಲಿ ಬಿಸಿಲು, ಚಳಿಯಲ್ಲೂ ನಡೀಬೇಕಲ್ಲ? ಅದಕ್ಕೆ ಬೇಕಾದ, ಬೇಗ ಕೆಡದ ದ್ರವಹರಳನ್ನು 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ಜಾರ್ಜ್ ಗ್ರೇ ತಂಡ ತಯಾರಿಸಿತು. 1973ರಲ್ಲಿ ಜಪಾನಿನ ಶಾರ್ಪ್ ಕಂಪನಿಯ ಎಲ್‌ಸಿಡಿ ಕ್ಯಾಲ್ಕ್ಯುಲೇಟರ್ ಅಂಗಡಿಗೆ ಬಂತು. ನಾವು ಎಕ್ಸಾಮ್‌ಗೆ ಒಯ್ಯೋ ಕ್ಯಾಲ್ಕ್ಯುಲೇಟರಿನ ಅಜ್ಜ ಅದು.

ಒಂದು ಅಳತೆ ಗಮನಿಸಿ. ಇವತ್ತಿನ ಸ್ಕ್ರೀನ್‌ನಲ್ಲಿ ಆ ಎರಡು ಗಾಜಿನ ನಡುವಿನ ಅಂತರ ಸಾಮಾನ್ಯವಾಗಿ 3ರಿಂದ 5 ಮೈಕ್ರಾನ್. ನಿಮ್ಮ ತಲೆಕೂದಲಿನ ದಪ್ಪದ ಹತ್ತರಲ್ಲಿ ಒಂದು ಭಾಗವೂ ಇಲ್ಲ. ಮೂಲೆಯಿಂದ ಮೂಲೆಗೆ ಅಂತರ ಒಂದೇ ಸಮ ಇರಬೇಕು. ಬೆರಳಲ್ಲಿ ಒತ್ತಿದಾಗ ಸ್ಕ್ರೀನ್ ಮೇಲೆ ಅಲೆ ಏಳೋದು ಇದಕ್ಕೇ. ಆ ಅಂತರ ಕುಗ್ಗುತ್ತಾ ಇರುತ್ತೆ. ದಯವಿಟ್ಟು ಈಗಲೇ ಒತ್ತಿ ನೋಡಬೇಡಿ.

5/9

ಗಾಜು ಬಂತು. ಇನ್ನು ಮಡಚೋದು.

1982ರಲ್ಲಿ ಅಮೆರಿಕದಲ್ಲಿ ‘ಗ್ರಿಡ್ ಕಂಪಾಸ್’ ಬಂತು. ವಿನ್ಯಾಸ ಬಿಲ್ ಮೊಗ್ರಿಡ್ಜ್ ಅವರದು. ಕೀಬೋರ್ಡ್ ಮೇಲೆ ಸ್ಕ್ರೀನ್ ಮಡಚಿಕೊಳ್ಳೋ ಇವತ್ತಿನ ಲ್ಯಾಪ್‌ಟಾಪ್‌ನ ಆಕಾರ ಅಲ್ಲಿಂದ ಬಂದದ್ದು. ಮೈ ಮೆಗ್ನೀಸಿಯಂ ಮಿಶ್ರಲೋಹ, ತೂಕ ಸುಮಾರು 5 ಕೆಜಿ, ಬೆಲೆ 8,000 ಡಾಲರ್‌ಗಿಂತ ಜಾಸ್ತಿ. ಅದರ ಸ್ಕ್ರೀನ್ ಎಲ್‌ಸಿಡಿ ಅಲ್ಲ, ತಾನೇ ಬೆಳಗುವ ಎಲೆಕ್ಟ್ರೋಲ್ಯೂಮಿನೆಸೆಂಟ್ ಜಾತಿಯದು. 1983ರಲ್ಲಿ ಅಮೆರಿಕದ ಸ್ಪೇಸ್ ಶಟಲ್ ಹತ್ತಿ ಬಾಹ್ಯಾಕಾಶಕ್ಕೂ ಹೋಗಿಬಂತು. 1985ರಲ್ಲಿ ತೋಶಿಬಾ ಟಿ1100 ಬಂತು, ಎಲ್‌ಸಿಡಿ ಸ್ಕ್ರೀನ್, ಸುಮಾರು 4 ಕೆಜಿ. ಮಡಚುವ ಆಕಾರ ಆಫೀಸುಗಳಿಗೆ ಮುಟ್ಟಿತು.

ಮಡಚೋದು ಒಳ್ಳೆ ಐಡಿಯಾನೇ. ಬ್ಯಾಗಿನಲ್ಲಿ ಸ್ಕ್ರೀನ್‌ಗೆ ಗೀರು ಬೀಳಲ್ಲ, ಧೂಳು ಕೂರಲ್ಲ. ಆದರೆ ಇದೇ ಆಕಾರ ಒಂದು ಹೊಸ ಅಪಾಯವನ್ನೂ ತಂತು. ನಿಮ್ಮ ಮನೇಲಿ ಎಲೆ ಅಡಿಕೆ ತಟ್ಟೆ ಇದ್ದರೆ ಅದರಲ್ಲಿರೋ ಅಡಕತ್ತರಿ ತೆಗೆದು ನೋಡಿ. ಒಂದು ತುದಿಯಲ್ಲಿ ಕೀಲು, ಇನ್ನೊಂದು ತುದಿಯಲ್ಲಿ ಕೈ, ಕೀಲಿನ ಹತ್ತಿರ ಅಡಿಕೆ. ಅಜ್ಜಿ ಬೆರಳಲ್ಲಿ ಮೆಲ್ಲಗೆ ಒತ್ತಿದರೂ ಕಲ್ಲಿನಂಥ ಗೋಟಡಿಕೆ ಎರಡು ಹೋಳು.

ಲ್ಯಾಪ್‌ಟಾಪೂ ಅದೇ. ಮುಚ್ಚಳ ಸುಮಾರು 22 ಸೆಂ.ಮೀ. ನನ್ನ ಪೆನ್ ಇದ್ದದ್ದು ಹಿಂಜ್‌ನಿಂದ 2 ಸೆಂ.ಮೀ. ದೂರದಲ್ಲಿ. 22ನ್ನು 2ರಿಂದ ಭಾಗಿಸಿ: 11. ತುದಿಯಲ್ಲಿ ನಾನು 1 ಕೆಜಿ ಭಾರದಷ್ಟು ಒತ್ತಿದರೆ ಪೆನ್ನಿನ ಹತ್ತಿರ 11 ಕೆಜಿಯಷ್ಟು. ಅದೂ ಅಂಗೈ ಅಗಲಕ್ಕೆ ಹಂಚಿಕೊಂಡಲ್ಲ, ಪೆನ್ನಿನ ಕ್ಲಿಪ್‌ನ ಒಂದು ಚುಕ್ಕೆಯ ಮೇಲೆ.

“ನಾನು ಜೋರಾಗಿ ಮುಚ್ಚಲೇ ಇಲ್ಲ” ಅಂತ ರೂಮ್‌ಮೇಟ್‌ಗೆ ಎರಡು ದಿನ ಹೇಳ್ತಾ ಇದ್ದೆ. ಸುಳ್ಳಲ್ಲ. ಆದರೆ ಅಡಕತ್ತರಿಗೆ ಜೋರು ಬೇಕಾಗಿಲ್ಲ.

6/9

ಈ ಭಾಗ ಓದಿದಾಗ ನನಗೇ ಆಶ್ಚರ್ಯ ಆಯಿತು.

ಬಣ್ಣದ, ಚುರುಕಾದ ಸ್ಕ್ರೀನ್ ಬೇಕಾದರೆ ಪ್ರತಿ ಕಿಟಕಿಗೂ ಅದರದ್ದೇ ಸ್ವಿಚ್ ಇರಬೇಕು. 1970ರ ದಶಕದ ಆರಂಭದಲ್ಲಿ ವೆಸ್ಟಿಂಗ್‌ಹೌಸ್ ಕಂಪನಿಯ ಪೀಟರ್ ಬ್ರೋಡಿ ತಂಡ ಗಾಜಿನ ಮೇಲೇ ತೆಳು ಟ್ರಾನ್ಸಿಸ್ಟರ್‌ಗಳನ್ನು ಕೂರಿಸಿ ತೋರಿಸಿತು. ಇದೇ ಟಿಎಫ್‌ಟಿ. 1988ರಲ್ಲಿ ಶಾರ್ಪ್ 14 ಇಂಚಿನ ಬಣ್ಣದ ಟಿಎಫ್‌ಟಿ ಪರದೆ ತೋರಿಸಿದಾಗ ಡಬ್ಬಾ ಟಿವಿಯ ಕಾಲ ಮುಗೀತಾ ಬಂತು ಅಂತ ಎಲ್ಲರಿಗೂ ಗೊತ್ತಾಯಿತು.

ಇವತ್ತಿನ ಮಾಮೂಲಿ ಫುಲ್ ಎಚ್‌ಡಿ ಲ್ಯಾಪ್‌ಟಾಪ್ ತಗೊಳ್ಳಿ. 1920 x 1080 ಪಿಕ್ಸೆಲ್, ಪ್ರತಿಯೊಂದರಲ್ಲೂ ಕೆಂಪು, ಹಸಿರು, ನೀಲಿ. ಒಟ್ಟು 62,20,800 ಕಿಟಕಿ. ಅಷ್ಟಕ್ಕೂ ಒಂದೊಂದು ಟ್ರಾನ್ಸಿಸ್ಟರ್. ಎಲ್ಲಾ ಗಾಜಿನ ಮೇಲೆ.

ಮಾಮೂಲಿ ಕಿಟಕಿ ಗಾಜಿನಲ್ಲಿ ಸೋಡಿಯಂ ಇರುತ್ತೆ. ಅದು ಮೆಲ್ಲಗೆ ಸರಿದು ಬಂದು ಟ್ರಾನ್ಸಿಸ್ಟರ್ ಕೆಡಿಸುತ್ತೆ. ಹಾಗಾಗಿ ಸ್ಕ್ರೀನ್‌ಗೆ ಸೋಡಿಯಂ ಇಲ್ಲದ ವಿಶೇಷ ಗಾಜೇ ಬೇಕು.

ಈಗ ಫೋನ್ ಕಡೆ ನೋಡಿ. 2007ರ ಮೊದಲ ಐಫೋನ್‌ಗೆ ಕಾರ್ನಿಂಗ್ ಕಂಪನಿ ಕೊಟ್ಟ ಗಾಜು ಆಮೇಲೆ ಗೊರಿಲ್ಲಾ ಗ್ಲಾಸ್ ಅಂತ ಹೆಸರಾಯಿತು. ಬಿಸಿ ಪೊಟ್ಯಾಸಿಯಂ ಉಪ್ಪಿನ ದ್ರವದಲ್ಲಿ ಗಾಜು ಅದ್ದುತ್ತಾರೆ. ಗಾಜಿನೊಳಗಿನ ಚಿಕ್ಕ ಸೋಡಿಯಂ ಹೊರಗೆ ಹೋಗಿ, ಆ ಜಾಗಕ್ಕೆ ದೊಡ್ಡ ಪೊಟ್ಯಾಸಿಯಂ ಬಂದು ಕೂರುತ್ತೆ. ಇಬ್ಬರ ಸೀಟಲ್ಲಿ ಮೂವರು ಕೂತ ಕೆಎಸ್ಆರ್‌ಟಿಸಿ ಬಸ್ಸಿನ ಹಾಗೆ ಮೇಲ್ಮೈ ಬಿಗಿಯಾಗುತ್ತೆ, ಬಿರುಕು ಸುಲಭವಾಗಿ ಒಳಗೆ ಹೋಗಲ್ಲ.

ಅರ್ಥ ಆಯ್ತಾ? ಗಟ್ಟಿ ಮಾಡೋ ಈ ವಿದ್ಯೆಗೆ ಸೋಡಿಯಂ ಬೇಕು. ಸ್ಕ್ರೀನ್‌ನ ಒಳಗಾಜಿನಲ್ಲಿ ಸೋಡಿಯಂ ಇರಲೇಬಾರದು. ಆ ಗಾಜಿಗೆ ಈ ಉಪಚಾರ ಸಾಧ್ಯವೇ ಇಲ್ಲ. ಫೋನ್‌ನಲ್ಲಿ ಅದರ ಮೇಲೆ ಇನ್ನೊಂದು ಗಟ್ಟಿ ಗಾಜು ಕಾವಲಿಗೆ ಕೂತಿರುತ್ತೆ. ಟಚ್ ಇಲ್ಲದ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಕಾವಲಿಗೆ ಇರೋದು ಬರೀ ಒಂದು ಪ್ಲಾಸ್ಟಿಕ್ ಪೋಲರೈಸರ್ ಹಾಳೆ.

7/9

ಮಧ್ಯದಲ್ಲಿ ನಮ್ಮೂರಿನ ವಿಷಯ. ಮೈಸೂರಿನವರು ಇದನ್ನು ಸ್ಕಿಪ್ ಮಾಡಬೇಡಿ.

ನಾವು ಸಂಜೆ ವಾಕಿಂಗ್ ಹೋಗೋ ಮಾನಸಗಂಗೋತ್ರಿ ಇದೆಯಲ್ಲ? 1961ರಿಂದ 1971ರವರೆಗೆ ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದವರು ಪ್ರೊ. ಎಸ್. ಚಂದ್ರಶೇಖರ್. ಸರ್ ಸಿ.ವಿ. ರಾಮನ್ ಅವರ ಸಂಬಂಧಿ. ನೊಬೆಲ್ ಪಡೆದ ಚಂದ್ರಶೇಖರ್ ಬೇರೆ, ಇವರು ಬೇರೆ. ದ್ರವಹರಳಿನ ಬಗ್ಗೆ ಇಲ್ಲಿ ಕೆಲಸ ನಡೆಸಿ, 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋಗಿ ದ್ರವಹರಳಿನ ಪ್ರಯೋಗಾಲಯ ಕಟ್ಟಿದರು.

ಅಲ್ಲಿಯವರೆಗೆ ಎಲ್ಲರ ನಂಬಿಕೆ ಒಂದೇ. ಕಡ್ಡಿಯಂತೆ ಉದ್ದ ಇರೋ ಅಣುಗಳು ಮಾತ್ರ ದ್ರವಹರಳು ಆಗೋದು ಅಂತ. 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಬೆಂಗಳೂರಿನಿಂದಲೇ ಪ್ರಕಟವಾಗೋ ‘ಪ್ರಮಾಣ’ ಪತ್ರಿಕೆಯಲ್ಲಿ ತೋರಿಸಿದರು: ತಟ್ಟೆಯಂತೆ ಚಪ್ಪಟೆ ಇರೋ ಅಣುಗಳೂ ಆಗುತ್ತವೆ. ಅಡುಗೆಮನೆಯಲ್ಲಿ ತಟ್ಟೆ ಜೋಡಿಸಿಟ್ಟ ಹಾಗೆ ಅವು ಒಂದರ ಮೇಲೊಂದು ಕಂಬವಾಗಿ ಕೂರುತ್ತವೆ. ಇವುಗಳ ಹೆಸರು ಡಿಸ್ಕಾಟಿಕ್.

ಇದರಿಂದ ನಮಗೇನು? ಹಳೇ ಲ್ಯಾಪ್‌ಟಾಪ್ ಪಕ್ಕದಿಂದ ನೋಡಿದರೆ ಬಣ್ಣ ಉಲ್ಟಾ ಕಾಣ್ತಿತ್ತು ನೆನಪಿದೆಯಾ? 1990ರ ದಶಕದಲ್ಲಿ ಜಪಾನಿನ ಫ್ಯೂಜಿಫಿಲ್ಮ್ ಡಿಸ್ಕಾಟಿಕ್ ಅಣುಗಳ ತೆಳು ಹಾಳೆ ಮಾಡಿ, ಪಕ್ಕದಿಂದಲೂ ಚೆನ್ನಾಗಿ ಕಾಣೋ ಹಾಗೆ ಮಾಡಿತು. ಎಷ್ಟೋ ಸ್ಕ್ರೀನ್‌ಗಳಲ್ಲಿ ಆ ಹಾಳೆ ಕೂತಿತು. ಬೆಂಗಳೂರಿನ ಲ್ಯಾಬ್‌ನಲ್ಲಿ ಕಂಡ ತಟ್ಟೆಗಳು ಜಗತ್ತಿನ ಆಫೀಸು ಮೇಜುಗಳ ಮೇಲೆ.

ಒಡೆದ ಸ್ಕ್ರೀನ್ ನೋಡ್ತಾ ನನಗೆ ಅನ್ನಿಸಿದ್ದು ಇಷ್ಟು. ನಾನು ಒಡೆದದ್ದು 7,200 ರೂಪಾಯಿಯ ಒಂದು ಪ್ಲಾಸ್ಟಿಕ್ ಹಲಗೆ ಅಲ್ಲ. ಪ್ರಾಗ್, ಹಲ್, ಒಸಾಕಾ, ಬೆಂಗಳೂರು ಎಲ್ಲಾ ಸೇರಿ ನೂರು ವರ್ಷ ಕಟ್ಟಿದ್ದು.

8/9

ಹಾಗಾದರೆ ದಪ್ಪ ಗಾಜು ಹಾಕಬಹುದಿತ್ತಲ್ಲ?

ಮೊದಮೊದಲು ಎಲ್‌ಸಿಡಿ ಗಾಜಿನ ದಪ್ಪ 1.1 ಮಿ.ಮೀ. ಇರ್ತಿತ್ತು. ಈಗ ಲ್ಯಾಪ್‌ಟಾಪ್‌ನಲ್ಲಿ ಅರ್ಧ ಮಿ.ಮೀ. ಅಥವಾ ಅದಕ್ಕೂ ತೆಳು. ಯಾಕೆ? ನಾವೇ ಕೇಳಿದ್ದು. 2008ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ವೇದಿಕೆ ಮೇಲೆ ಆಫೀಸಿನ ಕಂದು ಲಕೋಟೆಯೊಳಗಿಂದ ಮ್ಯಾಕ್‌ಬುಕ್ ಏರ್ ಹೊರಗೆ ತೆಗೆದಾಗ ಜನ ಚಪ್ಪಾಳೆ ಹೊಡೆದರು. ತೂಕ 1.36 ಕೆಜಿ. ಓಸ್ಬೋರ್ನ್‌ನ 11 ಕೆಜಿ ನೆನಪಿದೆಯಲ್ಲ? 27 ವರ್ಷದಲ್ಲಿ ಎಂಟರಲ್ಲಿ ಒಂದು ಭಾಗ. ಆಮೇಲೆ ಎಲ್ಲ ಕಂಪನಿಗಳೂ ಅದೇ ಓಟಕ್ಕೆ ಬಿದ್ದವು. ನಾವು ಅಂಗಡಿಯಲ್ಲಿ ಲ್ಯಾಪ್‌ಟಾಪ್ ಎತ್ತಿ ನೋಡಿ “ಸಖತ್ ಲೈಟ್ ಆಗಿದೆ” ಅಂತೀವಿ. “ಪೆನ್ ಸಿಕ್ಕಿದರೆ ತಡಿಯುತ್ತಾ?” ಅಂತ ಯಾರೂ ಕೇಳಲ್ಲ.

ಮುಚ್ಚಿದಾಗ ಸ್ಕ್ರೀನ್‌ಗೂ ಕೀಬೋರ್ಡ್‌ಗೂ ನಡುವೆ ಜಾಗವೇ ಇಲ್ಲ ಅನ್ನೋ ಹಾಗೆ ಆಯಿತು. 2020ರಲ್ಲಿ ಆಪಲ್ ತನ್ನ ಗ್ರಾಹಕರಿಗೆ ಹೇಳಿತು: ವೆಬ್‌ಕ್ಯಾಮ್ ಮೇಲೆ ಕವರ್ ಅಂಟಿಸಿ ಮ್ಯಾಕ್‌ಬುಕ್ ಮುಚ್ಚಬೇಡಿ, ಡಿಸ್‌ಪ್ಲೇಗೆ ಹಾನಿ ಆಗಬಹುದು. ಆ ಪುಟ್ಟ ಕವರ್‌ಗೇ ಜಾಗ ಇಲ್ಲ ಅಂದರೆ ಬಾಲ್‌ಪೆನ್‌ಗೆ ಎಲ್ಲಿ?

ಇನ್ನೊಂದು ಮಾತು, ಗಾಜಿನ ಬಗ್ಗೆ. ನೂರು ವರ್ಷದ ಹಿಂದೆ ಇಂಗ್ಲೆಂಡಿನ ಎ.ಎ. ಗ್ರಿಫಿತ್ ಅನ್ನೋ ಎಂಜಿನಿಯರ್ ಕೇಳಿಕೊಂಡರು, ಗಾಜು ಲೆಕ್ಕಕ್ಕಿಂತ ಎಷ್ಟೋ ಬೇಗ ಒಡೆಯುತ್ತಲ್ಲ, ಯಾಕೆ? ಅವರು ಕಂಡ ಉತ್ತರ: ಗಾಜಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಬಿರುಕುಗಳು ಮೊದಲೇ ಇರುತ್ತವೆ. ಒತ್ತಡವೆಲ್ಲ ಅವುಗಳ ತುದಿಗೆ ಬಂದು ಸೇರುತ್ತೆ. ಒಂದು ಮಿತಿ ದಾಟಿದರೆ ಬಿರುಕು ಓಡುತ್ತೆ, ನಿಲ್ಲಲ್ಲ. ಹಾಗಾಗಿ ಗಾಜು ಎಚ್ಚರಿಕೆ ಕೊಡಲ್ಲ. ಕಬ್ಬಿಣ ಬಾಗುತ್ತೆ, ಪ್ಲಾಸ್ಟಿಕ್ ನಲುಗುತ್ತೆ. ಗಾಜು ಸರಿ ಇರುತ್ತೆ, ಸರಿ ಇರುತ್ತೆ, ಸರಿ ಇರುತ್ತೆ, ಟಕ್.

ಕಪ್ಪು ಮಸಿ ಅಂದರೆ ಆ ಕೂದಲಿಗಿಂತ ತೆಳು ಅಂತರ ಹಾಳಾಗಿ ದ್ರವಹರಳು ಜಾಗ ಬಿಟ್ಟಿದೆ ಅಂತ. ಹಸಿರು ಗೆರೆ ಅಂದರೆ ಗಾಜಿನ ಮೇಲಿನ ಒಂದು ತಂತಿ ತುಂಡಾಗಿದೆ ಅಂತ. ಹಿಂದಿನ ದೀಪ ಮಾತ್ರ ಉರೀತಾನೇ ಇರುತ್ತೆ.

9/9

ಈಗ ಲೆಡ್ಜರ್ ಮುಚ್ಚೋಣ. ಯಾರ ತಪ್ಪು?

ರೂಮ್‌ಮೇಟ್ ಹೇಳಿದ ಮಾತು ಅರ್ಧ ನಿಜ. ನಾವು ‘ಆಕಸ್ಮಿಕ’ ಅಂತೀವಿ. ಆದರೆ ಈ ನಾಜೂಕುತನ ಆಕಸ್ಮಿಕವಾಗಿ ಬಂದದ್ದಲ್ಲ. ನಿರ್ವಾತ ಬಿಟ್ಟೆವು, ದಪ್ಪ ಗಾಜು ಹೋಯಿತು. ಟ್ರಾನ್ಸಿಸ್ಟರ್ ಬಂತು, ಸೋಡಿಯಂ ಹೋಯಿತು. ಮಡಚುವ ಆಕಾರ ಬಂತು, ಅಡಕತ್ತರಿ ಆಯಿತು. ಪ್ರತಿ ಹೆಜ್ಜೆಗೂ ಒಳ್ಳೆ ಕಾರಣ ಇತ್ತು. ಪ್ರತಿ ಹೆಜ್ಜೆಯಲ್ಲೂ ಒಂದು ಸಾಲ ಉಳೀತು. ಆ ಸಾಲ ಕೊನೆಗೆ ಬಂದು ನಿಂತದ್ದು ‘ಫಿಸಿಕಲ್ ಡ್ಯಾಮೇಜ್’ ಅನ್ನೋ ಹೆಸರಲ್ಲಿ ಬಳಸುವವರ ಖಾತೆಗೆ.

ಇನ್ನರ್ಧ ನಿಜ: ಪೆನ್ ನನ್ನದು. ಚರಿತ್ರೆಗೆ ಯುಪಿಐ ಇಲ್ಲ. ಹಾಗಾಗಿ ನಾನೇ ಮೂರು ಕಂತಿನಲ್ಲಿ ಕೊಡ್ತಿದ್ದೀನಿ. ಮೊದಲ 2,400 ಆಯಿತು.

ನಿಮಗೆ ಇದು ಆಗಿದ್ದರೆ ಗಾಬರಿ ಬೇಡ. ಫೈಲ್‌ಗಳು ಸ್ಕ್ರೀನ್‌ನಲ್ಲಿ ಇರಲ್ಲ. ಎಚ್‌ಡಿಎಂಐ ವೈರ್ ಹಾಕಿ ಟಿವಿಗೆ ಜೋಡಿಸಿ, ಬೇಕಾದ್ದು ಕಾಪಿ ಮಾಡಿಕೊಳ್ಳಿ. ಒಡೆದ ಜಾಗ ಒತ್ತಬೇಡಿ. ಆಗಿಲ್ಲ ಅಂದರೆ: ತೆರೆಯುವಾಗ, ಮುಚ್ಚುವಾಗ ಮೂಲೆ ಹಿಡಿಯಬೇಡಿ, ನಡುವೆ ಹಿಡಿಯಿರಿ. ಬ್ಯಾಗಿನಲ್ಲಿ ಚಾರ್ಜರ್ ಇಟ್ಟಿಗೆಯನ್ನು ಮುಚ್ಚಳದ ಕಡೆ ಇಡಬೇಡಿ. ತಗೊಳ್ಳುವಾಗಲೇ ಆಕ್ಸಿಡೆಂಟಲ್ ಡ್ಯಾಮೇಜ್ ಪ್ಲಾನ್ ಬೇರೆ ಇದೆಯಾ ಕೇಳಿ, ಮಾಮೂಲಿ ವಾರಂಟಿ ಅದಲ್ಲ.

ಇನ್ನೊಂದು ಕೆಲಸ ಬಾಕಿ ಇತ್ತು. ಅವನ ಅಕ್ಕನಿಗೆ ಯಾರೂ ಹೇಳಿರಲಿಲ್ಲ. ಹೋದ ಭಾನುವಾರ ನಾನೇ ಫೋನ್ ಮಾಡಿದೆ. “ಅಕ್ಕಾ, ಲ್ಯಾಪ್‌ಟಾಪ್ ಒಡೆದದ್ದು ಅವನಲ್ಲ, ನಾನು” ಅಂದೆ. ಕ್ಯಾರೆಟ್, ಪ್ರಾಗ್, ಸೋಡಿಯಂ ಎಲ್ಲಾ ಹೇಳೋಕೆ ರೆಡಿಯಾಗಿದ್ದೆ. ಒಂದೂ ಬಾಯಿಗೆ ಬರಲಿಲ್ಲ.

ಆ ಕಡೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: “ಅಸೈನ್‌ಮೆಂಟ್ ಸಬ್‌ಮಿಟ್ ಆಯ್ತೇನೋ?”

ಆಯಿತು ಅಕ್ಕಾ.

ಇವತ್ತಿನಿಂದ ಮುಚ್ಚೋ ಮುಂಚೆ ಒಂದು ಸಲ ಕೀಬೋರ್ಡ್ ಮೇಲೆ ಅಂಗೈ ಸವರಿ. ಎರಡು ಸೆಕೆಂಡಿನ ಕೆಲಸ. ನಾನು ಈಗ ಕ್ಯಾಲ್ಕ್ಯುಲೇಟರ್ ಮುಚ್ಚುವಾಗಲೂ ಸವರ್ತೀನಿ.

#ಸ್ಕ್ರೀನ್‌ಕಥೆ #ಬಿಕಾಂಹುಡುಗನಚರಿತ್ರೆ